ಗರಗಸದ ಧೂಳು ಮತ್ತು ನಾನು ಆರಿಸಿದ ಮೂರು ಸ್ವಿಚ್ಚುಗಳು

ಹುಮನಾಬಾದಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಕರೆಂಟಿನ ಕೆಲಸ ಕಲಿಸಿದೆ. ಮನೆ ಬಸವಕಲ್ಯಾಣ, ನಮ್ಮ ಬಾಯಲ್ಲಿ ಬರೀ ಕಲ್ಯಾಣ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು. ಈಚೆಗೆ ಅದೇ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಶಿಕ್ಷಕರು ಮನೆಗೆ ಬಂದು, "ಸರ್, ನಿಮ್ಮ ಅನುಭವ ಏನರೆ ಬರೆದು ಕೊಡ್ರಿ, ನಮಗ ಉಪಯೋಗ ಆಗ್ತದ" ಎಂದರು. ಕೇಂದ್ರದ ವಾರ್ಷಿಕ ಪುಸ್ತಕದಲ್ಲಿ ನನ್ನ ಬಗ್ಗೆ ಅರ್ಧ ಪುಟ ಇದೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಲ್ಲ ಅದರಲ್ಲಿದೆ. ನಾನು ಎಷ್ಟು ಮೋಟಾರು ಸುಟ್ಟೆ ಎಂಬುದು ಮಾತ್ರ ಇಲ್ಲ. ಎಲ್ಲ ಮೋಟಾರುಗಳ ಕಥೆ ಬರೆದರೆ ಹೊಸಬರು ಕೆಲಸ ಬಿಟ್ಟು ಹೋಗಬಹುದು. ಅದಕ್ಕೆ ಒಂದೇ ಬಗೆಯ ಯಂತ್ರದ, ಅದರ ಸ್ವಿಚ್ಚಿನ ಸಂಗತಿಯನ್ನಷ್ಟೇ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ರಿಮೋಟ್ ಎಂದರೆ ಕೂಗು. ಮೇನ್ ಸ್ವಿಚ್ಚಿನ ಹತ್ತಿರ ಒಬ್ಬ, ಯಂತ್ರದ ಹತ್ತಿರ ಒಬ್ಬ. ಈಚಿನವ "ಹಚ್ಚು!" ಎಂದು ಒದರಿದರೆ ಆಚಿನವ ಹಚ್ಚುತ್ತಿದ್ದ. "ಬಂದ್!" ಎಂದರೆ ತೆಗೆಯುತ್ತಿದ್ದ. ಆಚಿನವ ಚಹಾಕ್ಕೆ ಹೋದಾಗ ಮಾತ್ರ ಸ್ವಲ್ಪ ತೊಂದರೆ. ಲೈನಿನಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ನಮ್ಮ ಹಿರಿಯರು ಬೆರಳಿನ ಹಿಂಬದಿ ತಾಗಿಸಿ ನೋಡುತ್ತಿದ್ದರು. ನನಗೆ ಕಲಿಸಿದವರು ಅದನ್ನು ಬಹಳ ಹೆಮ್ಮೆಯಿಂದ ತೋರಿಸಿ, ಮುಂದಿನ ಅರ್ಧ ಗಂಟೆ ಕೈ ತಿಕ್ಕಿಕೊಳ್ಳುತ್ತ ಕೂತಿದ್ದರು. ನೀವು ಹಾಗೆ ಮಾಡಬೇಡಿ.

ನನ್ನ ವಿಭಾಗದ ಪಕ್ಕಕ್ಕೇ ಬಡಗಿ ವಿಭಾಗ. ಅಲ್ಲಿನ ಶಿಕ್ಷಕ ವೈಜನಾಥ, ನನ್ನ ಜೊತೆಯವನು. ಮೂರು ಗರಗಸದ ಯಂತ್ರಗಳು ತಿರುಗಿದರೆ ಮಧ್ಯಾಹ್ನದ ಹೊತ್ತಿಗೆ ಅವನ ಹುಬ್ಬು, ಮೀಸೆ, ಅಂಗಿಯ ಜೇಬು ಎಲ್ಲ ಒಂದೇ ಬಣ್ಣ. ಕೆಮ್ಮು ಶುರುವಾದಾಗ ಅವನು ಅದಕ್ಕೆ ಚಳಿ ಕಾರಣ ಎಂದ. ಬೇಸಿಗೆಯಲ್ಲೂ ಕೆಮ್ಮು ನಿಲ್ಲದಿದ್ದಾಗ ಬಿಸಿಲು ಕಾರಣ ಎಂದ.

ಆಗ ಕೇಂದ್ರಕ್ಕೆ ಧೂಳು ಎಳೆಯುವ ಯಂತ್ರವೊಂದು ಬಂತು. ಎರಡು ಹಾರ್ಸ್ ಪವರ್ ಮೋಟಾರು, ಆನೆಯ ಸೊಂಡಿಲಿನಂಥ ಪೈಪು, ಮೇಲೊಂದು ದೊಡ್ಡ ಬಟ್ಟೆಯ ಚೀಲ. ಗರಗಸ ಕೊಯ್ಯುತ್ತಿದ್ದಂತೆ ಪುಡಿಯನ್ನು ಪೈಪಿನಿಂದ ಎಳೆದು ಚೀಲಕ್ಕೆ ತುಂಬುವುದು ಅದರ ಕೆಲಸ. ಆದರೆ ಅದರ ಸದ್ದು ಕಚೇರಿಗೆ ಕೇಳಬಾರದೆಂದು ನಮ್ಮ ಪ್ರಾಚಾರ್ಯರು ಅದನ್ನು ತೀರ ಹಿಂದಿನ ಮೂಲೆಯಲ್ಲಿ ಇಡಿಸಿದರು. ಸ್ವಿಚ್ಚೂ ಅಲ್ಲೇ. ಗರಗಸದಿಂದ ಅಲ್ಲಿಗೆ ನಲವತ್ತು ಹೆಜ್ಜೆ, ನಡುವೆ ಎರಡು ಮೇಜು, ಒಂದು ಹಲಗೆಯ ರಾಶಿ. ಒಂದು ಹಲಗೆ ಕೊಯ್ಯಲು ಅರ್ಧ ನಿಮಿಷ ಸಾಕು. ಅರ್ಧ ನಿಮಿಷದ ಕೆಲಸಕ್ಕೆ ಎಂಬತ್ತು ಹೆಜ್ಜೆ ಯಾರು ನಡೆಯುತ್ತಾರೆ? ಯಾರೂ ನಡೆಯಲಿಲ್ಲ. ಯಂತ್ರ ಹೊಚ್ಚ ಹೊಸದಾಗಿ ಉಳಿಯಿತು. ಪ್ರಾಚಾರ್ಯರಿಗೂ ಅದೇ ಬೇಕಾಗಿತ್ತು.

"ಹೊಸಾ ಮಷಿನ್ ಅದ. ಹಚ್ಚಿ ಹಚ್ಚಿ ಹಾಳ ಮಾಡಬ್ಯಾಡ್ರಿ" ಎಂದು ಅವರು ವಾರಕ್ಕೊಮ್ಮೆ ಬಂದು ಹೇಳಿ ಹೋಗುತ್ತಿದ್ದರು.

ಆ ವರ್ಷ ಬಡಗಿ ವಿಭಾಗಕ್ಕೆ ಸೇರಿದ್ದ ಒಬ್ಬಳೇ ಹೆಣ್ಣುಮಗಳು ಸವಿತಾ, ಮಂಠಾಳದವಳು. ಒಮ್ಮೆ ಪ್ರಾಚಾರ್ಯರು ಈ ಮಾತು ಹೇಳುತ್ತಿದ್ದಾಗಲೇ ವೈಜನಾಥನಿಗೆ ಕೆಮ್ಮು ಹತ್ತಿಕೊಂಡು ಅವನು ಮೇಜು ಹಿಡಿದು ನಿಂತ. ಸವಿತಾ ಕೈಯಲ್ಲಿದ್ದ ಉಳಿ ಕೆಳಗಿಟ್ಟಳು.

"ಸರ್, ಮಷಿನ್ ಹಾಳಾಗಬಾರದಂತ ಇಟ್ಟೀರಿ. ಮಾಸ್ತರ್ ಹಾಳಾದ್ರ ನಡೀತದೇನ್ರಿ?"

ಪ್ರಾಚಾರ್ಯರು ಕೋಪ ಮಾಡಿಕೊಳ್ಳಲಿಲ್ಲ. ಅವರು ಕೋಪಕ್ಕಿಂತ ದೊಡ್ಡ ಅಸ್ತ್ರ ತೆಗೆದರು. ಒಂದು ಸಮಿತಿ ಮಾಡಿದರು.

ಗರಗಸದ ಹತ್ತಿರವೇ ನಿಂತು ಒತ್ತುವಂಥ ರಿಮೋಟ್ ಸ್ವಿಚ್ ಆರಿಸುವುದು ಸಮಿತಿಯ ಕೆಲಸ. ಮೂರು ಸಭೆ ನಡೆದವು. ಮೊದಲ ಸಭೆಯಲ್ಲಿ ರಿಮೋಟಿನ ಬಣ್ಣ ಚರ್ಚೆಯಾಯಿತು. ಎರಡನೆಯದರಲ್ಲಿ ಅದನ್ನು ಯಾರ ಕಪಾಟಿನಲ್ಲಿ ಬೀಗ ಹಾಕಿಡಬೇಕು ಎಂಬುದು. ಗುಂಡಿ ಕೈಗೆ ಹತ್ತಿರ ಇರಲಿ ಎಂದು ತರಿಸುವ ವಸ್ತುವನ್ನು ಕಚೇರಿಯ ಕಪಾಟಿನಲ್ಲಿಡುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ಸಭೆಯಲ್ಲಿ ಪ್ರಾಚಾರ್ಯರು ಒಂದು ಪುಟ್ಟ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

"ಇದು ಛಲೋ ಅದ. ನಮ್ಮ ಮನ್ಯಾಗ ಫ್ಯಾನಿಗಿ ಇದೇ ಹಚ್ಚೇವಿ."

ನಾನು ಸಮಿತಿಯ ತಾಂತ್ರಿಕ ಸದಸ್ಯ. ಪೆಟ್ಟಿಗೆ ತಿರುಗಿಸಿ ನೋಡಿದೆ. ಅದು ಫ್ಯಾನು, ದೀಪಗಳ ಭಾರ ಹೊರುವಂಥದ್ದು. ಎರಡು ಹಾರ್ಸ್ ಪವರ್ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಇದನ್ನೇ ನಾನು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕರಿಹಲಗೆಯ ಮೇಲೆ ಬರೆದು ಕಲಿಸುತ್ತಿದ್ದೆ. ಇದು ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದರೆ ನಾಲ್ಕನೆಯ ಸಭೆ ಆಗುತ್ತದೆ ಎಂದೂ ಗೊತ್ತಿತ್ತು. ಗಡಿಯಾರ ನೋಡಿದೆ. ಕಲ್ಯಾಣದ ಬಸ್ಸು ಹೊರಡಲು ಹತ್ತು ನಿಮಿಷ ಇತ್ತು. ಸಹಿ ಮಾಡಿದೆ. ನಾನು ಆರಿಸಿದ ಮೊದಲ ಸ್ವಿಚ್ಚು ಅದು.

ಮುಂದಿನ ವಾರವೇ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಅವರಿಗೆ ಶಾಲು ಹೊದಿಸಿ ಬಡಗಿ ವಿಭಾಗಕ್ಕೆ ಕರೆತಂದರು. ಪೈಪಿನ ಬಾಯಿಯ ಹತ್ತಿರವೇ ಅವರನ್ನು ನಿಲ್ಲಿಸಿ ಪ್ರಾಚಾರ್ಯರು ರಿಮೋಟ್ ಒತ್ತಿದರು. ಯಂತ್ರ ಗುಡುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಶಾಲಿನ ಜರಿಯಂಚು ಪೈಪಿನೊಳಗೆ ಹೊಕ್ಕಿತು. ಸಾಹೇಬರು ಒಂದು ತುದಿ ಹಿಡಿದು ಹಿಂದಕ್ಕೆ ಜಗ್ಗಿದರು, ಯಂತ್ರ ಇನ್ನೊಂದು ತುದಿ ಹಿಡಿದು ಮುಂದಕ್ಕೆ ಎಳೆಯಿತು. ಪ್ರಾಚಾರ್ಯರು ಮತ್ತೆ ಮತ್ತೆ ರಿಮೋಟ್ ಒತ್ತಿದರು. ಯಂತ್ರ ನಿಲ್ಲಲಿಲ್ಲ. ಪೆಟ್ಟಿಗೆಯೊಳಗಿನ ಚಿಕ್ಕ ಸಂಪರ್ಕದ ತುದಿಗಳು ಕಾವಿಗೆ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನು ಯಾವ ಗುಂಡಿ ಒತ್ತಿದರೂ ಅವು ಬಿಡುವಂತಿರಲಿಲ್ಲ.

"ಬಿಡ್ರಿ ಸಾಹೇಬ್ರ, ಶಾಲ್ ಬಿಡ್ರಿ!" ಎಂದು ಒದರುತ್ತ ಸವಿತಾ ಹಲಗೆಯ ರಾಶಿ ಹಾರಿ ಹೋಗಿ ಮೇನ್ ಸ್ವಿಚ್ ತೆಗೆದಳು. ಸಾಹೇಬರು ಬಿಟ್ಟಿದ್ದರು. ಶಾಲು ಚೀಲದಲ್ಲಿ ಸಿಕ್ಕಿತು, ಪುಡಿ ಹೊದ್ದುಕೊಂಡು.

ಪ್ರಾಚಾರ್ಯರು ವರದಿ ಬರೆಯಲು ನನಗೇ ಹೇಳಿದರು. ನಾನು ಬರೆದ ವಾಕ್ಯ ಇನ್ನೂ ನೆನಪಿದೆ: "ಯಂತ್ರವನ್ನು ಚಾಲೂ ಮಾಡುವಲ್ಲಿ ರಿಮೋಟ್ ಸಂಪೂರ್ಣ ಯಶಸ್ವಿಯಾಗಿದೆ. ಬಂದ್ ಮಾಡುವ ವಿಷಯ ಪರಿಶೀಲನೆಯಲ್ಲಿದೆ." ಅದನ್ನು ಓದಿ ವೈಜನಾಥ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕದ್ದು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ನಾನು ನೀರು ತಂದು ಕುಡಿಸಿದೆ. ಪರಿಶೀಲನೆ ಮುಗಿಯಲೇ ಇಲ್ಲ. ಯಂತ್ರಕ್ಕೆ ತಾಡಪತ್ರಿ ಹೊದಿಸಿದರು. ವೈಜನಾಥ ನಿವೃತ್ತಿಗೆ ನಾಲ್ಕು ವರ್ಷ ಮೊದಲೇ ಕೆಲಸ ಬಿಟ್ಟ. ಈಗ ಹುಲಸೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಫೋನು ಮಾಡಿದರೆ ಒಂದು ವಾಕ್ಯ ಮುಗಿಸಲು ಎರಡು ಕಡೆ ನಿಲ್ಲುತ್ತಾನೆ. ನನ್ನ ಸಹಿಯ ಬಗ್ಗೆ ಅವನು ಎಂದೂ ಮಾತಾಡಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ನಿವೃತ್ತನಾಗಿ ಒಂದು ವರ್ಷವಾಗಿರಬೇಕು, ಸವಿತಾಳ ಫೋನು ಬಂತು. ಮೋರಖಂಡಿಗೆ ಮದುವೆಯಾಗಿ ಹೋಗಿದ್ದಳು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತೊಟ್ಟಿಲು, ದೇವರ ಮಂಟಪ, ಲಟ್ಟಣಿಗೆ-ಮಣೆ ಮಾಡುತ್ತಾಳೆ. ಕಲ್ಯಾಣದ ಅಂಗಡಿಗಳು ಅವಳ ತೊಟ್ಟಿಲನ್ನು ಕೇಳಿ ತರಿಸಿಕೊಳ್ಳುತ್ತವೆ.

"ಸರ್, ಧೂಳ ಎಳಿಯೋ ಮಷಿನ್ ಒಂದು ಹಳೇದು ತಗೊಂಡೀನಿ. ಅದಕ್ಕ ರಿಮೋಟ್ ಸ್ವಿಚ್ ಯಾವುದ್ ಹಾಕಲ್ರಿ?"

ನಾನು ಮಾರನೆಯ ದಿನವೇ ಹೊರಟೆ. ಅವಳ ಗಂಡ ಪ್ರಕಾಶ ಕಲ್ಯಾಣಕ್ಕೂ ಮೋರಖಂಡಿಗೂ ನಡುವೆ ಟಂಟಂ ಆಟೋ ಓಡಿಸುತ್ತಾನೆ. ಅವನೇ ಬಂದು ಕರೆದೊಯ್ದ. ದಾರಿಯಲ್ಲಿ ಮನೆಯ ಸಂಗತಿ ಹೇಳಿದ. ಅವನ ತಾಯಿ ಗಂಗಮ್ಮನಿಗೆ ದಮ್ಮು, ಉಬ್ಬಸದ ಕಾಯಿಲೆ. ಗರಗಸ ಚಾಲೂ ಆದ ಕೂಡಲೇ ಅವರು ಮನೆ ಬಿಟ್ಟು ಊರ ಕಟ್ಟೆಗೆ ಹೋಗಿ ಕೂಡುತ್ತಾರೆ, ನಿಂತ ಮೇಲೆ ಬರುತ್ತಾರೆ.

"ಅವ್ವನ್ನ ಊರ ಕಟ್ಟಿಗಿ ಕಳಿಸಿ ನಾವು ತೊಟ್ಟಿಲ ಮಾಡಾಕತ್ತೇವಿ ಅಂತ ಮಂದಿ ಆಡ್ಕೋತಾರ್ರಿ ಸರ್. ಈ ತಿಂಗಳು ನೋಡ್ತೀನಿ. ಧೂಳ ನಿಂದರಲಿಲ್ಲಂದ್ರ ಗರಗಸ ಮಾರಿಬಿಡ್ತೀನಿ. ಸವಿತಾಗೂ ಹೇಳೀನಿ."

"ಆಕಿ ಏನಂದ್ಳು?"

"ಏನೂ ಅನ್ಲಿಲ್ರಿ. ಆವತ್ತಿಂದ ಮಾತು ಕಮ್ಮಿ ಆಗ್ಯಾದ."

ಶೆಡ್ಡಿನಲ್ಲಿ ಧೂಳಿನ ಯಂತ್ರ ಒಂದು ಅಡ್ಡಗೋಡೆಯ ಆಚೆಗಿತ್ತು. ಸ್ವಿಚ್ಚು ಒತ್ತಬೇಕೆಂದರೆ ಹೊರಗಿನಿಂದ ಸುತ್ತಿ ಹೋಗಬೇಕು. ಸಣ್ಣ ಸಣ್ಣ ತುಂಡು ಕೊಯ್ಯುವಾಗ ಅವಳು ಹೋಗುತ್ತಿರಲಿಲ್ಲ. ಹುಮನಾಬಾದಿನ ಮೂಲೆಯೇ ಇಲ್ಲಿಗೆ ಎದ್ದು ಬಂದಂತಿತ್ತು. ನಾನು ಅಳತೆ ತೆಗೆದುಕೊಳ್ಳುತ್ತಿದ್ದಾಗ ಸವಿತಾ ಕೇಳಿದಳು:

"ಸರ್, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆವತ್ತು ಆ ಫ್ಯಾನಿನ ರಿಮೋಟಿಗೆ ನೀವ್ಯಾಕ ಸಹಿ ಮಾಡಿದ್ರಿ? ಅದು ತಡಿಯಂಗಿಲ್ಲಂತ ನಮಗ ಕಲಿಸಿದವ್ರು ನೀವೇ."

ಏನಾದರೂ ಹೊಂದಿಸಿ ಹೇಳಬಹುದಿತ್ತು. ಹೇಳಲಾಗಲಿಲ್ಲ. "ಬಸ್ಸಿನ ಹೊತ್ತಾಗಿತ್ತವ್ವಾ" ಎಂದೆ.

ಅವಳು ಅಳತೆ ಪಟ್ಟಿಯ ಇನ್ನೊಂದು ತುದಿ ಹಿಡಿದಳು. "ಸಿಕ್ತೇನ್ರಿ ಬಸ್ಸು?"

"ಸಿಕ್ಕಿತ್ತು."

ಈ ಸಲ ಯಾರ ಬಾಯಿಗೂ ಸಿಗದಂಥ ಸ್ವಿಚ್ಚನ್ನೇ ಆರಿಸುತ್ತೇನೆ ಎಂದು ಹಟ ಹಿಡಿದೆ. ಕಲ್ಯಾಣದ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಫೋನಿನಿಂದ ನಡೆಯುವ ಸ್ವಿಚ್ಚೊಂದನ್ನು ತೋರಿಸಿ, "ಇದು ತಗೋರಿ ಸರ್, ದುಬೈದಾಗ ಕುಂತು ಬಂದ್ ಮಾಡಬಹುದು" ಎಂದ.

"ಆಕಿ ಮೋರಖಂಡಿಯಾಗ ಕುಂತು ಮೋರಖಂಡಿಯಾಗೇ ಬಂದ್ ಮಾಡಬೇಕಾಗ್ಯಾದಪ್ಪ. ಅಲ್ಲಿ ಫೋನ್ ಹತ್ತಬೇಕಂದ್ರ ಮಾಳಿಗಿ ಏರಬೇಕು" ಎಂದೆ.

ಆಮೇಲೆ ರೇಡಿಯೋ ರಿಮೋಟ್ ತೋರಿಸಿದ. ಪಂಪ್‌ಸೆಟ್ಟಿಗೆ ರೈತರು ಒಯ್ಯುವಂಥದ್ದು. ನೂರು ಮೀಟರ್ ದೂರದಿಂದ ನಡೆಯುತ್ತದೆ ಎಂದ. ಶೆಡ್ಡಿನ ಉದ್ದ ಇಪ್ಪತ್ತು ಅಡಿ. ಆದರೂ ನೂರು ಮೀಟರ್ ಎಂದ ಕೂಡಲೇ ನನ್ನ ಎದೆ ಉಬ್ಬಿತು. ತಾಂತ್ರಿಕ ಸದಸ್ಯನ ದೌರ್ಬಲ್ಯವೇ ಅದು. ಅದರ ಜೊತೆಗೆ ಒಂದು ಕಾಂಟ್ಯಾಕ್ಟರ್ ತಂದೆ. ಕಾಂಟ್ಯಾಕ್ಟರ್ ಎಂದರೆ ಮೋಟಾರಿನ ಭಾರವನ್ನೆಲ್ಲ ತಾನು ಹೊರುವ ಗಟ್ಟಿ ಸ್ವಿಚ್ಚು. ರಿಮೋಟ್ ಅದಕ್ಕೆ ಕಣ್ಸನ್ನೆ ಮಾಡಿದರೆ ಸಾಕು, ತಾನು ಭಾರ ಹೊರಬೇಕಿಲ್ಲ. ಹುಮನಾಬಾದಿನಲ್ಲಿ ತಪ್ಪಿದ್ದು ಇದೇ. ಎಲ್ಲ ಜೋಡಿಸಿ ಒತ್ತಿದೆ, ಯಂತ್ರ ಚಾಲೂ ಆಯಿತು. ಮತ್ತೆ ಒತ್ತಿದೆ, ನಿಂತಿತು. ಹತ್ತು ಸಲ ಒತ್ತಿ ತೋರಿಸಿ ಹೆಮ್ಮೆಯಿಂದ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಫೋನು. "ಸರ್, ಮಷಿನ್ ತಾನೇ ಚಾಲೂ ಆಗಾಕತ್ಯಾದ್ರಿ."

"ವೋಲ್ಟೇಜ್ ಏರಿಳಿತ" ಎಂದೆ. ನಮ್ಮ ವೃತ್ತಿಯಲ್ಲಿ ಗೊತ್ತಿಲ್ಲ ಎಂಬುದಕ್ಕೆ ಹಾಗೆ ಹೇಳುತ್ತೇವೆ.

ಮಧ್ಯಾಹ್ನ ಮತ್ತೆ ಫೋನು. ಪಕ್ಕದ ಮನೆಯ ಶರಣಪ್ಪನ ನೀರಿನ ಟಾಕಿ ತುಂಬಿ ಹರಿದು ಅಂಗಳದಲ್ಲಿ ಒಣಹಾಕಿದ್ದ ತೊಗರಿಯೆಲ್ಲ ತೊಯ್ದಿದೆ. ಅವನು ಪಂಪು ಹಚ್ಚಿಯೇ ಇರಲಿಲ್ಲವಂತೆ, ತಾನೇ ಹತ್ತಿಕೊಂಡಿತಂತೆ, ಓಣಿಯಲ್ಲಿ ನಿಂತು ಒದರುತ್ತಿದ್ದಾನೆ.

"ನೋಡಿದ್ಯಾ, ಲೈನಿನ ದೋಷ. ಇಡೀ ಓಣಿಗೇ ಆಗ್ಯಾದ" ಎಂದೆ. ನಾನು ಸರಿ ಎಂಬುದಕ್ಕೆ ಸಾಕ್ಷಿ ಸಿಕ್ಕ ಸಮಾಧಾನವಾಯಿತು. ಹೊಸ ಅರ್ಥಿಂಗ್ ಬೇಕು, ತಂತಿಯನ್ನು ನೆಲದಾಳಕ್ಕೆ ಇಳಿಸಬೇಕು ಎಂದು ತೀರ್ಮಾನಿಸಿ ಮೋರಖಂಡಿಗೆ ಹೋಗಿ ಶೆಡ್ಡಿನ ಹಿಂದೆ ಜಾಗ ಗುರುತು ಮಾಡಿದೆ. ಪ್ರಕಾಶ ಒಂದು ದಿನ ಟಂಟಂ ಬಿಟ್ಟು ಆಳೆತ್ತರದ ತಗ್ಗು ತೋಡಿದ. ನಾನು ತಗ್ಗಿನ ಅಂಚಿನಲ್ಲಿ ಕೂತು ಇನ್ನೂ ಒಂದಡಿ, ಇನ್ನೂ ಒಂದಡಿ ಎನ್ನುತ್ತಿದ್ದೆ. ಮೇಲಿನ ಮಣ್ಣು ಕರಿ, ಕೆಳಗೆ ಕೆಂಪು, ಅದರ ಕೆಳಗೆ ಅವನ ಮುಖ.

ಸವಿತಾ ಶೆಡ್ಡಿನ ಬಾಗಿಲಲ್ಲಿ ನಿಂತು ಏನೋ ಯೋಚಿಸುತ್ತಿದ್ದಳು. "ಸರ್, ಶರಣಪ್ಪ ಕಾಕಾ ಮುಂಜಾನಿ ಟಾಕಿ ತುಂಬಸೋ ಹೊತ್ತಿಗೇ ನಮ್ಮ ಮಷಿನ್ ಚಾಲೂ ಆಗ್ತದ್ರಿ. ನಾ ಗುಂಡಿ ಒತ್ತಿದಾಗ ಅವರ ಪಂಪ್ ಹತ್ತತದೇನೋ ನೋಡೂಣೇನು?"

"ಅದು ಹ್ಯಾಂಗ ಸಾಧ್ಯ?" ಎಂದೆ.

ಅವಳು ನೇರ ಶರಣಪ್ಪನ ಮನೆಗೆ ಹೋಗಿ ಅವನ ರಿಮೋಟ್ ಕೇಳಿ ತಂದಳು. ಎರಡನ್ನೂ ನನ್ನ ಅಂಗೈ ಮೇಲಿಟ್ಟಳು. ಅವಳಿ ಮಕ್ಕಳಂತಿದ್ದವು. ಅವನೂ ಕಲ್ಯಾಣದ ಅದೇ ಅಂಗಡಿಯಲ್ಲಿ ತಂದದ್ದು. ಶರಣಪ್ಪನದನ್ನು ಒತ್ತಿದಳು, ನಮ್ಮ ಯಂತ್ರ ಗುಡುಗಿತು. ಮತ್ತೆ ಒತ್ತಿ ನಿಲ್ಲಿಸಿ ನಮ್ಮದನ್ನು ಒತ್ತಿದಳು, ಆಚೆ ಪಂಪು ಹತ್ತಿ ಶರಣಪ್ಪ ಮತ್ತೆ ಒದರಿದ. ಎರಡಕ್ಕೂ ಕಾರ್ಖಾನೆಯಲ್ಲಿ ಒಂದೇ ಸಂಕೇತ ತುಂಬಿದ್ದರು. ನೂರು ಮೀಟರ್ ಎಂಬ ಹೆಮ್ಮೆ ಗೋಡೆ ದಾಟಿ ಪಕ್ಕದವರ ತೊಗರಿ ತೋಯಿಸಿತ್ತು.

ಪ್ರಕಾಶ ತಗ್ಗಿನೊಳಗಿಂದ ತಲೆ ಎತ್ತಿ, "ಸರ್, ಇನ್ನೂ ತೋಡಲೇನ್ರಿ?" ಎಂದ. ಅವನ ಧ್ವನಿಯಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ, ನನಗೆ ಇದ್ದಂತೆಯೇ ಕೇಳಿಸಿತು.

ನಾನು ಶರಣಪ್ಪನ ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಿದೆ. ಅವನು, "ನೀವು ಕಲಿಸೋ ಮಾಸ್ತರಲ್ರಿ?" ಎಂದ. ಹೌದು ಎಂದೆ. ತೊಗರಿಯನ್ನು ಮಾಳಿಗೆಗೆ ಹೊತ್ತು ಹಾಕಲು ನಾನೂ ಕೈ ಹಚ್ಚಿದೆ.

ವಾಪಸು ಬಂದು, ಬೇರೆ ಸಂಕೇತ ತುಂಬಬಹುದಾದ ರಿಮೋಟ್ ತರುತ್ತೇನೆ ಎಂದಾಗ ಸವಿತಾ ಮೊದಲ ಸಲ ಬೇಸರ ತೋರಿಸಿದಳು.

"ರಿಮೋಟ್ ಯಾವುದರೆ ಇರಲ್ರಿ ಸರ್. ನನ್ನ ಎರಡೂ ಕೈ ಕಟ್ಟಿಗಿ ಮ್ಯಾಲ ಇರ್ತಾವ. ಯಾವ ಕೈಲೆ ಒತ್ತಲಿ? ಮ್ಯಾಲ ಅದು ಪುಡ್ಯಾಗ ಮುಚ್ಚಿ ಹೋಗ್ತದ. ಹುಡುಕೂದ್ರಾಗ ನಾ ಸುತ್ತಿ ಹೋಗಿ ಹಚ್ಚೇ ಬರ್ತೀನಿ."

ನಾನು ಒಂದು ಮಣೆ ಎಳೆದು ಕೂತೆ. "ನೀ ಕೆಲಸ ಮಾಡವ್ವ, ನಾ ನೋಡ್ತೀನಿ."

ಅರ್ಧ ಗಂಟೆ ಬಾಯಿ ಮುಚ್ಚಿ ನೋಡಿದೆ. ಬಲಗೈ ಹಲಗೆಯನ್ನು ಮುಂದಕ್ಕೆ ನೂಕುತ್ತದೆ, ಎಡಗೈ ಒತ್ತಿ ಹಿಡಿಯುತ್ತದೆ, ಕಣ್ಣು ಗರಗಸದ ಹಲ್ಲಿನ ಮೇಲೆ. ಒಂದು ಕ್ಷಣ ಕೈ ಬಿಟ್ಟರೆ ಬೆರಳು ಹೋಗುತ್ತದೆ. ಕೊಯ್ಯುವುದು ಮುಗಿದರೆ ತುಂಡು ತೆಗೆದು ಅಳೆಯುತ್ತಾಳೆ, ಮತ್ತೆ ಎರಡೂ ಕೈ. ವೈಜನಾಥನ ಪಕ್ಕದ ಕೋಣೆಯಲ್ಲಿ ಅಷ್ಟು ವರ್ಷ ಇದ್ದವನು ನಾನು. ಬಡಗಿಯ ಕೈಗಳು ಎಲ್ಲಿರುತ್ತವೆ ಎಂದು ಒಮ್ಮೆಯೂ ಕೂತು ನೋಡಿರಲಿಲ್ಲ. ನಾವು ಮೂರು ಸಭೆಯಲ್ಲಿ ಚರ್ಚಿಸಿದ್ದು ಗುಂಡಿಯ ಬಣ್ಣ.

ಮೂರನೆಯ ಸ್ವಿಚ್ಚಿಗೆ ಗುಂಡಿಯೇ ಇಲ್ಲ. ಗರಗಸದ ತಂತಿಯಲ್ಲಿ ಕರೆಂಟು ಹರಿಯುವುದನ್ನು ತಿಳಿದು ತಾನೇ ಧೂಳಿನ ಯಂತ್ರವನ್ನು ಚಾಲೂ ಮಾಡುವ ಒಂದು ಪುಟ್ಟ ಪೆಟ್ಟಿಗೆ ಸಿಗುತ್ತದೆ. ಹುಮನಾಬಾದಿನ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹೇಳಿ ತರಿಸಿದೆ. ಮೊದಲ ಸಲ ಹಚ್ಚಿದಾಗ ಎರಡೂ ಮೋಟಾರು ಒಟ್ಟಿಗೇ ಎದ್ದು ಮನೆಯ ಮೇನ್ ಸ್ವಿಚ್ ತಾನೇ ಬಿದ್ದು ಕರೆಂಟು ಹೋಯಿತು. "ವೋಲ್ಟೇಜ್" ಎನ್ನಲು ಬಾಯಿ ತೆರೆದು ಮುಚ್ಚಿದೆ. ಆ ಪೆಟ್ಟಿಗೆಯಲ್ಲಿ ತಡ ಮಾಡಿಸುವ ತಿರುಗುಣಿ ಇತ್ತು. ಗರಗಸ ಎದ್ದ ಎರಡು ಸೆಕೆಂಡಿನ ನಂತರ ಧೂಳಿನ ಯಂತ್ರ ಏಳುವಂತೆ, ಗರಗಸ ನಿಂತ ಮೇಲೂ ಪೈಪಿನ ಪುಡಿ ಖಾಲಿಯಾಗುವ ತನಕ ಓಡುವಂತೆ ಇಟ್ಟೆ. ಭಾರ ಹೊರಲು ಹಿಂದಿನ ಕಾಂಟ್ಯಾಕ್ಟರೇ ಸಾಕಾಯಿತು. ಚೀಲದಿಂದ ಸಣ್ಣ ಧೂಳು ಸೋರುತ್ತಿತ್ತು. ಸವಿತಾ ದಟ್ಟ ಬಟ್ಟೆಯ ಹೊಸ ಚೀಲ ಹೊಲಿದಳು. ರಿಮೋಟನ್ನು ಬೇರೆ ಸಂಕೇತದ್ದಕ್ಕೆ ಬದಲಿಸಿಕೊಂಡು ನೆಲ ಗುಡಿಸುವಾಗ ಬಳಸುತ್ತಾಳೆ. ಪ್ರಕಾಶ ತೋಡಿದ ತಗ್ಗಿಗೆ ಈಗ ಚೀಲದ ಪುಡಿ ಬೀಳುತ್ತದೆ. ಅಂತೂ ನನ್ನ ಸಲಹೆಗಳಲ್ಲಿ ಯಾವುದೂ ವ್ಯರ್ಥವಾಗಲಿಲ್ಲ ಎಂದು ನನ್ನ ವರದಿಯಲ್ಲಾದರೆ ಬರೆಯುತ್ತಿದ್ದೆ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಯಾರಾದರೂ ಸ್ವಿಚ್ಚು ಕೇಳಿದರೆ ಅಂಗಡಿಗೆ ಹೋಗುವ ಮೊದಲು ಅವರ ಹತ್ತಿರ ಕೂತು ಅವರ ಕೆಲಸ ನೋಡಿ. ಬಸ್ಸು ಹೋದರೆ ಇನ್ನೊಂದು ಬರುತ್ತದೆ.

ಪ್ರಕಾಶ ಹೇಳಿದ್ದ ತಿಂಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಹೇಗೆ ನಡೆದಿದೆ ನೋಡೋಣ ಎಂದು ಮೋರಖಂಡಿಗೆ ಹೋದೆ. ಗರಗಸ ಮಾರುವ ಮಾತನ್ನು ಪ್ರಕಾಶ ದಾರಿಯಲ್ಲಿ ಎತ್ತಲಿಲ್ಲ; ನಾನೂ ಕೇಳಲಿಲ್ಲ. ಗಂಗಮ್ಮ ಊರ ಕಟ್ಟೆಯ ಮೇಲೆ ಇರಲಿಲ್ಲ. ಮನೆಯೊಳಗೂ ಇರಲಿಲ್ಲ. ಶೆಡ್ಡಿನಲ್ಲಿ, ಗರಗಸದಿಂದ ಎರಡು ಮಾರು ದೂರದಲ್ಲಿ ಕೂತು ಹೊಸ ತೊಟ್ಟಿಲಿಗೆ ನವಾರು ಪಟ್ಟಿ ಹೆಣೆಯುತ್ತಿದ್ದರು. ದಮ್ಮು ಬಂದಾಗ ಬಾಯಿಗೆ ಹಿಡಿಯುವ ಪಂಪು ಸೊಂಟದ ಚೀಲದಲ್ಲೇ ಇತ್ತು.

"ಬರ್ರಿ ಮಾಸ್ತರ, ಕೂಡ್ರಿ" ಎಂದರು.

ನಾನು ಕೂತು, ಈ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ, ಎರಡು ಸೆಕೆಂಡು ಯಾಕೆ ಬೇಕು, ಮೋಟಾರು ಎಷ್ಟು ಪಟ್ಟು ಎಳೆಯುತ್ತದೆ ಎಂದು ವಿವರಿಸಲು ಶುರುಮಾಡಿದೆ. ಸವಿತಾ ಗರಗಸ ಹಚ್ಚಿದಳು. ಎರಡು ಸೆಕೆಂಡಿಗೆ ಧೂಳಿನ ಯಂತ್ರವೂ ಎದ್ದಿತು. ನನ್ನ ಮಾತು ನನಗೇ ಕೇಳಿಸಲಿಲ್ಲ. ಆದರೂ ಸ್ವಲ್ಪ ಹೊತ್ತು ಬಾಯಿ ಆಡಿಸುತ್ತಿದ್ದೆ. ಗಂಗಮ್ಮ ಎದ್ದು ಹೋಗಿ ಜೋಳದ ರೊಟ್ಟಿ, ಪುಂಡಿ ಪಲ್ಯ ತಂದು ನನ್ನ ಮುಂದಿಟ್ಟು, ಮಾತು ಸಾಕು, ಉಣ್ಣಿ ಎಂದು ಕೈಸನ್ನೆ ಮಾಡಿದರು. ಒಂದು ಲೋಟ ಮಜ್ಜಿಗೆಯನ್ನೂ ಇಟ್ಟರು, ಮೇಲೆ ಏನೂ ಮುಚ್ಚದೆ.

ಗರಗಸ ಕೊಯ್ಯುತ್ತಲೇ ಇತ್ತು. ಊಟ ಮುಗಿಸಿ ಲೋಟ ಎತ್ತಿದೆ. ಅದರಲ್ಲಿ ಮಜ್ಜಿಗೆ ಮಾತ್ರ ಇತ್ತು.